ಎಡಕ್ಕೆ ನೋಡುವ ಆನೆಯ ಹಿಂದೆ

ಕೈಯಲ್ಲಿ ಫೋನು, ಫೋನಿನಲ್ಲಿ ಹರಾಜು, ಹರಾಜಿನಲ್ಲಿ ಆನೆ. ಈ ಮೂರೂ ಒಟ್ಟಿಗೆ ಸೇರಿದ ದಿನ ನಾನು ಮರ್ಯಾದೆಯಾಗಿ ಮನೆಗೆ ಬಂದದ್ದು ಕಡಿಮೆ. ಒಂದು ಪೇಚಾಟ ಮರೆಯುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ತುಮಕೂರಿನ ಮಂಡಿಪೇಟೆ ಕಡೆ ನನ್ನದೊಂದು ಪಾತ್ರೆ ಅಂಗಡಿ ಇದೆ. ತಾಮ್ರ, ಹಿತ್ತಾಳೆ, ಸ್ಟೀಲು. ಜೀವಮಾನವೆಲ್ಲ ತಾಮ್ರವನ್ನು ಕೆ.ಜಿ. ಲೆಕ್ಕದಲ್ಲಿ ತೂಗಿ ಮಾರಿದವನು, ಈಗ ಹೆಬ್ಬೆಟ್ಟಿನಷ್ಟು ತಾಮ್ರಕ್ಕೆ ಆನ್‌ಲೈನಿನಲ್ಲಿ ಹರಾಜು ಕೂಗುತ್ತೇನೆ. ಹಳೇ ಮೈಸೂರು ಸೀಮೆಯ ಆನೆ ಕಾಸು. ಒಂದು ಮಗ್ಗುಲಿಗೆ ಆನೆ, ಇನ್ನೊಂದು ಮಗ್ಗುಲಿಗೆ ಬರಹ. ಸುಮ್ಮನೆ ನೋಡಿದರೆ ಎಲ್ಲವೂ ಒಂದೇ. ಹುಚ್ಚು ಹಿಡಿದವರಿಗೆ ಒಂದರಂತೆ ಇನ್ನೊಂದಿಲ್ಲ. ಅಚ್ಚು ಕೊರೆದವನ ಕೈ ಹೋದಂತೆ ಕೆಲವು ಆನೆ ಬಲಕ್ಕೆ ನೋಡುತ್ತವೆ, ಕೆಲವು ಎಡಕ್ಕೆ. ಕೆಲವು ಬಾಲ ಇಳಿಬಿಟ್ಟಿರುತ್ತವೆ, ಕೆಲವು ಎತ್ತಿರುತ್ತವೆ. ಇವನ್ನೆಲ್ಲ ಕೂರಿಸಲು ಮಖಮಲ್ಲಿನ ಗುಳಿಗಳಿರುವ ಒಂದು ತಟ್ಟೆ ಮಾಡಿಸಿದ್ದೇನೆ. ಎಲ್ಲ ಗುಳಿಯೂ ತುಂಬಿದೆ, ಒಂದು ಖಾಲಿ. ಎಡಕ್ಕೆ ನೋಡುತ್ತಾ ಬಾಲ ಎತ್ತಿರುವ ಆನೆ ನನ್ನ ಹತ್ತಿರ ಇಲ್ಲ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಕಣ್ಣು ಆ ಗುಳಿಗೇ ಹೋಗುತ್ತದೆ. ಕೂತರೆ ನಿಲ್ಲಬೇಕು, ನಿಂತರೆ ಫೋನು ನೋಡಬೇಕು. ಆ ಗುಳಿ ತುಂಬಿಸಲು ಹೋಗಿ ಆದದ್ದೇ ಇವೆಲ್ಲ.

೧. ಬಾಲದ ವಿಚಾರ

ಒಂದು ಬೆಳಿಗ್ಗೆ ಹರಾಜಿಗೆ ಆನೆ ಕಾಸೊಂದು ಬಂತು. ಫೋಟೋ ಮಾತ್ರ ಹೊಗೆ ತುಂಬಿದ ಅಡುಗೆಮನೆಯಲ್ಲಿ ತೆಗೆದ ಹಾಗಿತ್ತು. ಮಾರುವವನು ದಾವಣಗೆರೆ ಕಡೆಯವನು, ನಂಬರ್ ಕೊಟ್ಟಿದ್ದ. ಅಂಗಡಿಯಿಂದಲೇ ಫೋನ್ ಮಾಡಿದೆ. ಅವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ನಾನು ಕೂಗಿ ಕೂಗಿ ಕೇಳುತ್ತಿದ್ದೆ. ಮುಖ ಯಾವ ಕಡೆಗಿದೆ, ಬಾಲ ಎತ್ತಿದೆಯೋ ಇಳಿಬಿಟ್ಟಿದೆಯೋ, ಕಾಲು ನಾಲ್ಕೂ ಕಾಣುತ್ತಾ, ಹೊಟ್ಟೆ ಹತ್ತಿರ ಏನಾದರೂ ಗಾಯ ಇದೆಯಾ, ಎಷ್ಟು ವರ್ಷದಿಂದ ನಿಮ್ಮ ಮನೆಯಲ್ಲಿದೆ.

ಎದುರಿಗೆ ಕುಣಿಗಲ್ ಕಡೆಯ ರೈತರೊಬ್ಬರು ಹಂಡೆ ಕೊಳ್ಳಲು ಬಂದು ನಿಂತಿದ್ದರು. ದನದ ವ್ಯಾಪಾರದಲ್ಲಿ ಪಳಗಿದ ಮನುಷ್ಯ ಅಂತ ಆಮೇಲೆ ಗೊತ್ತಾಯಿತು. ನಾನು ಫೋನ್ ಇಡುವವರೆಗೂ ತಡೆದುಕೊಂಡಿದ್ದು, ಇಟ್ಟ ಕೂಡಲೇ ಬುದ್ಧಿ ಹೇಳಿದರು.

"ಸ್ವಾಮಿ, ಬಾಲ ನೋಡಿ ಏನ್ಮಾಡ್ತೀರ. ಹಲ್ಲು ನೋಡ್ಬೇಕು. ಫೋನಲ್ಲೆಲ್ಲಾ ದನ ತಗೊಂಡ್ರೆ ಕೆಟ್ಟೋಯ್ತೀರ."

"ದನ ಅಲ್ಲ ಯಜಮಾನ್ರೇ, ಆನೆ," ಅಂದೆ, ತಲೆ ಫೋನಿನಲ್ಲೇ ಇಟ್ಟುಕೊಂಡು.

ಅವರು ಹಂಡೆಯನ್ನು ಒಮ್ಮೆ ಎತ್ತಿ ನೋಡಿದರು, ಕೆಳಗಿಟ್ಟರು, ಮತ್ತೆ ಎತ್ತಿದರು. "ಫಾರೆಸ್ಟ್‌ನೋರು ಪರ್ಮಿಷನ್ ಕೊಟ್ಟವ್ರಾ?" ಅಂತ ಮೆಲ್ಲಗೆ ಕೇಳಿದರು. ನಾನು ಆ ಕಡೆ ಗಮನ ಕೊಡದೆ ಹೂಂ ಅಂದುಬಿಟ್ಟೆ. ಬಾಲ ಇಳಿಬಿಟ್ಟಿದೆ ಅಂತ ದಾವಣಗೆರೆಯಿಂದ ಆಗತಾನೇ ಸುದ್ದಿ ಬಂದು ನನ್ನ ಮುಖವೂ ಇಳಿದಿತ್ತು.

ಹಂಡೆಗೆ ಬೆಲೆ ಹೇಳಿದೆ. ಅವರು ಅದರಲ್ಲಿ ಇನ್ನೂರು ಹಿಡಿದುಕೊಂಡು ಉಳಿದದ್ದನ್ನು ಕೈಗಿಟ್ಟರು. ಕಡಿಮೆ ಇದೆಯಲ್ಲ ಅಂದದ್ದಕ್ಕೆ ಹೇಳಿದ್ದು ಇಷ್ಟೇ: "ಆನೆ ಸಾಕೋರಿಗೆ ಇದ್ಯಾವ ಲೆಕ್ಕ, ಬುಡಿ."

೨. ಟವರ್ ಸಾಹೇಬ್ರು

ಸಿ.ಎಸ್. ಪುರದ ಹತ್ತಿರ ನಮ್ಮವರ ಮನೆಯಲ್ಲಿ ನಾಮಕರಣ. ಅದೇ ದಿನ ಮಧ್ಯಾಹ್ನ ಒಂದು ಹರಾಜು ಮುಗಿಯುವುದಿತ್ತು. ಈ ಹರಾಜುಗಳ ಸಂಕಟ ಏನೆಂದರೆ, ಕೊನೇ ಗಳಿಗೆಯಲ್ಲಿ ಯಾರಾದರೂ ಬೆಲೆ ಏರಿಸಿದರೆ ಗಡುವು ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಏರಿಸಿದವನು ಯಾರು ಅಂತಲೂ ಕಾಣುವುದಿಲ್ಲ, ಹೆಸರಿನ ಜಾಗದಲ್ಲಿ ಬರೀ ಚುಕ್ಕೆ. ಆದ್ದರಿಂದ ಕೊನೇವರೆಗೂ ಫೋನಿಗೆ ಅಂಟಿಕೊಂಡಿರಬೇಕು. ಆ ಮನೆಯಲ್ಲೋ ಸಿಗ್ನಲ್ ಅನ್ನುವುದು ಬಂದು ಮುಖ ತೋರಿಸಿ ಹೋಗುತ್ತಿತ್ತು.

ಮಗುವಿನ ಹೆಸರು ಕೂಗುವ ಹೊತ್ತಿಗೆ ನಾನು ಮನೆ ಹಿಂದಿನ ಹೊಲದ ಬದುವಿನ ಮೇಲಿದ್ದೆ. ಫೋನನ್ನು ತಲೆಯ ಮೇಲೆ ಹಿಡಿದು ನಾಲ್ಕು ಹೆಜ್ಜೆ ಹೋಗುವುದು, ನಿಲ್ಲುವುದು, ತಿರುಗುವುದು, ತಲೆ ಅಲ್ಲಾಡಿಸಿ ಮುಂದಕ್ಕೆ ಹೋಗುವುದು. ರೇಷ್ಮೆ ಶಲ್ಯ ಬೇರೆ ಹೊದ್ದಿದ್ದೆ. ಕಳೆ ಕೀಳುತ್ತಿದ್ದವರು ಎದ್ದು ನಿಂತು ನೋಡಿದರು. ಮೊಬೈಲ್ ಟವರ್ ಹಾಕಲು ಜಾಗ ನೋಡುತ್ತಿದ್ದಾರೆ ಅಂತ ಅವರಲ್ಲೊಬ್ಬ ತೀರ್ಮಾನ ಕೊಟ್ಟ. ಟವರ್ ಬಂದರೆ ಜಮೀನಿಗೆ ತಿಂಗಳ ಬಾಡಿಗೆ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ನೋಡನೋಡುತ್ತಾ ಸುತ್ತ ಜನ ಸೇರಿಬಿಟ್ಟರು.

"ನಮ್ಮ ಹೊಲಕ್ಕೆ ಬನ್ನಿ ಸಾರ್, ಎತ್ತರದಲ್ಲೈತೆ. ಗಾಳಿನೂ ಚೆನ್ನಾಗಿ ಬೀಸ್ತದೆ."

"ಅವಂದಕ್ಕೆ ಹೋಗ್ಬೇಡಿ ಸಾರ್. ಅಣ್ತಮ್ಮಂದಿರು ಕೋರ್ಟಲ್ಲವ್ರೆ."

ನಾನು ಟವರಿನವನಲ್ಲ, ಪಾತ್ರೆ ಅಂಗಡಿಯವನು ಅಂತ ನಿಜವನ್ನೇ ಹೇಳಿದೆ. ದೊಡ್ಡ ಆಫೀಸರುಗಳು ಯಾವತ್ತೂ ಬಾಯಿಬಿಡುವುದಿಲ್ಲ ಅಂತ ಅವರವರೇ ಕಣ್ಣು ಮಿಟುಕಿಸಿಕೊಂಡು, ಎಳನೀರು ಕೆಡವಿಸಿದರು. ಒಂದು ಕೈಯಲ್ಲಿ ಎಳನೀರು, ಒಂದು ಕೈಯಲ್ಲಿ ಫೋನು ಹಿಡಿದುಕೊಂಡು ಯಾರ ಹೊಲದಲ್ಲಿ ಸಿಗ್ನಲ್ ಸಿಕ್ಕಿತೋ ಅಲ್ಲೆಲ್ಲ ಓಡಾಡಿದೆ. ಕೊನೆಗೆ ಚೆನ್ನಾಗಿ ಸಿಕ್ಕಿದ್ದು ಅಣ್ಣತಮ್ಮಂದಿರ ವ್ಯಾಜ್ಯದ ಹೊಲದಲ್ಲಿ. ಅಷ್ಟರಲ್ಲಿ ಹರಾಜು ಮುಗಿದು ಕಾಸು ಯಾರದೋ ಪಾಲಾಗಿತ್ತು. ಹಾಳಾಗಿಹೋಗಲಿ ಅಂತ ಗಟ್ಟಿಯಾಗಿಯೇ ಅಂದೆ. ಹೊಲದವನ ಮುಖ ಬಾಡಿತು.

ನನ್ನ ನಂಬರನ್ನು ಅವರಿಗೆ ಯಾರು ಕೊಟ್ಟರೋ ತಿಳಿಯದು. ಅಣ್ಣನೂ ತಮ್ಮನೂ ಈಗ ರಾಜಿಯಾಗಿದ್ದಾರಂತೆ. ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ, ಫೈಲು ಯಾವ ಟೇಬಲ್ಲಿಗೆ ಬಂದಿದೆ ಸಾರ್ ಅಂತ ಕೇಳುತ್ತಿರುತ್ತಾರೆ.

೩. ಹುಣಸೆಹಣ್ಣು

ತಾಮ್ರದ ಹಳೇ ಕಾಸಿನ ಮೇಲೆ ಕಾಲ ಕಳೆದಂತೆ ಒಂದು ಕಂದು ಪದರ ಕೂರುತ್ತದೆ. ಬೆಲೆ ಇರುವುದೇ ಆ ಪದರಕ್ಕೆ. ಅದು ಹೋದರೆ ಕಾಸು ಬರೀ ತಾಮ್ರ. ಇದನ್ನು ಮನೆಯಲ್ಲಿ ಹೇಳಿರಲಿಲ್ಲ, ಯಾಕೆಂದರೆ ಕಾಸಿಗೆ ಎಷ್ಟು ಕೊಟ್ಟೆ ಅನ್ನುವುದನ್ನೂ ಹೇಳಿರಲಿಲ್ಲ.

ಆವತ್ತು ಕೊರಿಯರ್‌ನಲ್ಲಿ ಬಂದದ್ದು ಬಲಕ್ಕೆ ನೋಡುವ ಆನೆ. ನನ್ನ ಹತ್ತಿರ ಇದ್ದ ಜಾತಿಯದೇ, ಆದರೆ ಇನ್ನೂ ಚೊಕ್ಕ. ಎಡಕ್ಕೆ ನೋಡುವ ಆನೆ ಯಾರ ಬಳಿಯಾದರೂ ಸಿಕ್ಕಿದರೆ ಇದನ್ನು ಕೊಟ್ಟು ಬದಲಾಯಿಸಿಕೊಳ್ಳುವ ಅಂದಾಜು ನನ್ನದು. ದೇವರ ಮನೆಯ ಪಕ್ಕದ ಗೂಡಿನಲ್ಲಿಟ್ಟು ಅಂಗಡಿಗೆ ಹೋದೆ. ಸಂಜೆ ಬಂದು ನೋಡಿದರೆ ಗೂಡಿನಲ್ಲಿ ಹೊಸ ದೀಪ ಹಚ್ಚಿಟ್ಟ ಹಾಗಿದೆ.

"ಯಾರ್ಯಾರು ಮುಟ್ಟಿದ್ದೋ ಏನೋ, ದೇವರ ಪಕ್ಕದಲ್ಲಿ ಇಟ್ಟು ಹೋಗಿದ್ರಿ," ಅಂದಳು ನನ್ನವಳು. "ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ತೋಳು ಬಿದ್ದೋಯ್ತು, ಅಷ್ಟು ಕೊಳೆ."

ನಿಧಾನಕ್ಕೆ ಆ ಪದರದ ವಿಚಾರ ಹೇಳಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡಳು. "ತಾಮ್ರ ಕಪ್ಪಾದ್ರೆ ಮನೆಗೆ ಕಳೆ ಇರಲ್ಲ, ವಾರಕ್ಕೊಂದ್ಸಲ ಹುಣಸೆಹಣ್ಣು ಹಾಕಿ ಉಜ್ಜಿ ಅಮ್ಮಾ ಅಂತ ದಿನಾ ಗಿರಾಕಿಗಳಿಗೆ ಹೇಳ್ತೀರಲ್ರೀ. ಅದೇನು ಸುಳ್ಳಾ?"

ಇದಕ್ಕೆ ಉತ್ತರ ಕೊಟ್ಟರೆ ಅಂಗಡಿ ಮುಚ್ಚಬೇಕು. ಅತ್ತು ಕೂರುವುದು ವ್ಯಾಪಾರಸ್ಥನ ಜಾಯಮಾನವಲ್ಲ. ಮಾರನೇ ದಿನ ಅದೇ ಕಾಸನ್ನು 'ತಿಕ್ಕಿ ತೊಳೆದದ್ದು' ಅಂತ ಸ್ಪಷ್ಟವಾಗಿ ಬರೆದು ಹರಾಜಿಗೆ ಹಾಕಿದೆ. ನಾಣ್ಯ ಸಂಗ್ರಹದವರು ಯಾರೂ ತಿರುಗಿ ನೋಡಲಿಲ್ಲ. ಸರಕ್ಕೆ ಪದಕ ಮಾಡಿಸುವವರೊಬ್ಬರು ಬಿದ್ದುಬಿದ್ದು ಏರಿಸಿ, ನಾನು ಕೊಟ್ಟದ್ದಕ್ಕಿಂತ ಜಾಸ್ತಿಗೇ ತೆಗೆದುಕೊಂಡರು. ಇದೇ ಥರ ಫಳಫಳ ಅನ್ನುವವು ಇನ್ನೂ ಇವೆಯಾ ಅಂತಲೂ ಬರೆದರು. ಗೆದ್ದ ಖುಷಿಗೆ ಅದನ್ನು ಮನೆಯಲ್ಲಿ ಹೇಳಿದ್ದು ನನ್ನ ತಪ್ಪು. ಓಡಿಹೋಗಿ ತಟ್ಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬರುವಷ್ಟರಲ್ಲಿ ಅವಳು ದೊಡ್ಡ ಬೋಗುಣಿಯಲ್ಲಿ ಹುಣಸೆಹಣ್ಣು ನೆನೆಹಾಕಿ ಆಗಿತ್ತು.

೪. ಸರದಿ

ಗುಬ್ಬಿಯಲ್ಲಿ ನನ್ನ ಸ್ನೇಹಿತನೊಬ್ಬ ಇದ್ದಾನೆ. ಕೊಬ್ಬರಿ ವ್ಯಾಪಾರಿ, ನನ್ನ ಹಾಗೇ ಆನೆ ಕಾಸಿನ ಹುಚ್ಚು. ಕೊಬ್ಬರಿ ಮಂಡಿಯಲ್ಲಿ ವರ್ತಕರು ಒಳಗೊಳಗೇ ಒಂದು ಮಾತು ಮಾಡಿಕೊಳ್ಳುತ್ತಾರೆ. ಈ ರಾಶಿಗೆ ನೀನು ಕೂಗು, ಆ ರಾಶಿಗೆ ನಾನು ಕೂಗ್ತೀನಿ, ಸುಮ್ಮನೆ ರೇಟು ಏರಿಸೋದು ಬೇಡ ಅಂತ. ಅದೇ ನಿಯಮವನ್ನು ಆನ್‌ಲೈನಿಗೂ ಹಾಕಿಕೊಂಡೆವು. ಒಂದು ಹರಾಜು ಅವನ ಸರದಿ, ಮುಂದಿನದು ನನ್ನದು. ಗುಬ್ಬಿ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಬೈಟು ಕಾಫಿ ಕುಡಿದು ಕೈ ಮೇಲೆ ಕೈ ಹಾಕಿದೆವು.

ಅವನ ಸರದಿಯಲ್ಲೇ ಎಡಕ್ಕೆ ನೋಡುವ ಆನೆ ಬಂದುಬಿಟ್ಟಿತು. ಬಾಲದ ಜಾಗ ಮಸುಕು. ಎತ್ತಿದ್ದರೂ ಎತ್ತಿರಬಹುದು. ಬೆಳಿಗ್ಗೆಯಿಂದ ಅಂಗಡಿಯಲ್ಲಿ ಶತಪಥ ಹಾಕಿದೆ. ಕೊಟ್ಟ ಮಾತು ಕೊಟ್ಟ ಮಾತೇ. ಆದರೆ ಕೊಟ್ಟಿದ್ದವನು ನಾನು, ನನ್ನ ಅಳಿಯ ಅಲ್ಲವಲ್ಲ. ಅಳಿಯನ ಹೆಸರಿನ ಖಾತೆಯಿಂದ ಕೂಗಲು ಶುರುಮಾಡಿದೆ. ಏರಿಸಿದೆ, ಎದುರಿನವನೂ ಏರಿಸಿದ. ಮಧ್ಯಾಹ್ನ ದಾಟಿ ಮನೆಗೆ ಬಂದರೂ ಜಗಲಿಯ ಮೇಲೇ ಕೂತು ಕೂಗಿದೆ. ಒಳಗಿನಿಂದ ಮುದ್ದೆ ಆರುತ್ತಿದೆ ಅಂತ ಕೂಗು ಬಂತು. ಹೋಗಿ ಮೊದಲ ತುತ್ತು ನುಂಗುವಷ್ಟರಲ್ಲಿ ಹರಾಜು ಮುಗಿದಿತ್ತು.

ವಾರ ಕಳೆದು ಅದೇ ಹೋಟೆಲಿನಲ್ಲಿ ಸೇರಿದೆವು. ಸ್ನೇಹಿತ ಕಾಸು ತಂದಿದ್ದ. ಭೂತಗನ್ನಡಿ ಹಿಡಿದು ನೋಡಿದರೆ ಬಾಲ ಇಳಿಬಿಟ್ಟಿತ್ತು. ನನಗೆ ಜೀವ ಬಂತು, ಅವನಿಗೆ ಹೋಗಿತ್ತು.

"ಯಾವನೋ ತಲೆಕೆಟ್ಟವನು ಬಿದ್ದಿದ್ದ ಕಣೋ, ಮೂರು ಪಟ್ಟು ಮಾಡಿಟ್ಟ," ಅಂತ ಗೋಳಾಡಿದ. "ಕೊನೇಲಿ ಯಾಕೆ ಬಿಟ್ನೋ ಅದೂ ಗೊತ್ತಿಲ್ಲ."

"ಊಟಕ್ಕೆ ಕರೆದಿರ್ತಾರೆ ಬಿಡು," ಅಂದೆ, ಸಮಾಧಾನ ಮಾಡುವ ಭರದಲ್ಲಿ.

ಅವನು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ತಿಂಡಿ ರೇಟು ಓದತೊಡಗಿದೆ. ಇನ್ನೇನು ಬೈಗುಳ ಬರುತ್ತದೆ ಅಂತ ಕಾದೆ. ಅವನು ಉಳಿದ ಕಾಫಿ ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದ:

"ಹೋಗ್ಲಿ ಬಿಡು. ಹೋದ ಸಲ ನಿನ್ನ ಸರದೀಲಿ ಬಿದ್ದಿದ್ದವನು ಸ್ನಾನಕ್ಕೆ ಎದ್ದು ಹೋಗಿದ್ದ."

೫. ಬಾಗಿಲು

ಇದು ಈಚಿನದು. ಕಾಸು ಹುಡುಕಿ ಕಣ್ಣು ಸೋತು, ಒಂದು ದಿನ ಅದೇ ಹರಾಜಿನವರ ಹಳೇ ಮರದ ಸಾಮಾನಿನ ಪುಟ ತೆರೆದೆ. ಕುಣಿಗಲ್ ಪಕ್ಕದ ಹಳ್ಳಿಯೊಂದರ ಹೆಬ್ಬಾಗಿಲು ಅಲ್ಲಿತ್ತು. ಚೌಕಟ್ಟು, ಹೊಸ್ತಿಲು ಸಮೇತ. ಹಳೇ ಮನೆ ಕೆಡವಿ ಪಕ್ಕದಲ್ಲೇ ಹೊಸದು ಕಟ್ಟಿದ್ದಾರೆ, ಬಾಗಿಲು ಮಾರಾಟಕ್ಕಿದೆ ಅಂತ ಬರೆದಿತ್ತು. ನಮ್ಮ ಕಡೆ ಹಿಂದಿನವರು ಮನೆ ಕಟ್ಟುವಾಗ ಹೊಸ್ತಿಲಲ್ಲಿ ಸಣ್ಣ ಗುಳಿ ಕೊರೆದು ಒಂದು ಕಾಸು ಕೂರಿಸುತ್ತಿದ್ದರು. ಅದೇ ಮನೆಯ ಲಕ್ಷ್ಮಿ. ಹೊಸ್ತಿಲನ್ನು ಯಾರೂ ತುಳಿಯುವುದಿಲ್ಲವಾದ್ದರಿಂದ ಆ ಕಾಸು ಸವೆಯುವುದೂ ಇಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ. ಅರಿಶಿನ ಕುಂಕುಮದ ಮಧ್ಯೆ ಒಂದು ಆನೆ. ಎಡಕ್ಕೆ ನೋಡುತ್ತಿತ್ತು. ಬಾಲ ನೆಟ್ಟಗೆ ಎತ್ತಿತ್ತು.

ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಂತೆ. ಕಾಸು ಹುಡುಕುವವರು ಯಾರೂ ಮರದ ಪುಟಕ್ಕೆ ಬರುವುದಿಲ್ಲ. ಇದನ್ನು ಕಂಡವನು ನಾನೊಬ್ಬನೇ. ಹುಳ ತಿಂದ ಬಾಗಿಲಿನ ಬೆಲೆಗೆ ಆನೆ ಬರುತ್ತದೆ ಅಂತ ಸಣ್ಣ ಮೊತ್ತ ಕೂಗಿದೆ.

ಯಾರೋ ಅದರ ಮೇಲೆ ಕೂಗಿದರು. ನಾನು ಏರಿಸಿದೆ. ಅವರೂ ಏರಿಸಿದರು. ಗುಬ್ಬಿಯವನದೇ ಕೆಲಸ ಅನ್ನಿಸಿತು. ಫೋನ್ ಮಾಡಿ ಕೇಳೋಣವೆಂದರೆ, ಅವನಲ್ಲದಿದ್ದರೆ ಬಾಗಿಲಲ್ಲಿ ಏನಿದೆ ಅಂತ ನಾನೇ ಹೇಳಿಕೊಟ್ಟ ಹಾಗಾಗುತ್ತದೆ. ಫೋನ್ ಮಾಡಿ ಕೊಬ್ಬರಿ ರೇಟು ಕೇಳಿ ಇಟ್ಟೆ. ಎರಡು ದಿನ ಹೀಗೇ ನಡೆಯಿತು. ಊಟ ರುಚಿಸಲಿಲ್ಲ. ಗಿರಾಕಿ ಚೊಂಬು ಕೊಡಿ ಅಂದರೆ ಕೊಳಗ ಕೊಟ್ಟೆ.

ಕೊನೇ ದಿನ ಬೆಳಿಗ್ಗೆ ಮಾರುವವರಿಂದ ಒಂದು ಸಂದೇಶ ಬಂತು. ಹೊಸ್ತಿಲಲ್ಲಿ ಒಂದು ಹಳೇ ಕಾಸಿದೆ, ಅದರ ಬಗ್ಗೆ ನಿಮಗೇನಾದರೂ ಆಸಕ್ತಿ ಇದೆಯಾ ಅಂತ. ನಾನು ನಿನ್ನೆ ಮೊನ್ನೆ ಅಂಗಡಿ ತೆರೆದವನಲ್ಲ. ಇದು ಗಾಳ ಅಂತ ತಕ್ಷಣ ಹೊಳೆಯಿತು. ಹೌದು ಅಂದರೆ ಬೆಲೆ ಆಕಾಶಕ್ಕೆ. ಬೇಕಾದ ವಸ್ತುವಿನ ಕಡೆ ನೋಡಲೇಬಾರದು ಅನ್ನುವುದು ನಮ್ಮ ವ್ಯಾಪಾರದ ಮೊದಲ ಪಾಠ. 'ಯಾವ ಕಾಸು? ನಾನು ಗಮನಿಸಿಯೇ ಇಲ್ಲ. ನನಗೆ ಬೇಕಾಗಿರೋದು ಮರ' ಅಂತ ಬರೆದು ಕಳಿಸಿದೆ. ಬರೆದದ್ದನ್ನು ಇನ್ನೊಮ್ಮೆ ಓದಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಮೇಲೆ ಎದುರಿನವರು ಕೂಗಲೇ ಇಲ್ಲ. ಬಾಗಿಲು ನನ್ನದಾಯಿತು.

ಗೂಡ್ಸ್ ಗಾಡಿ ಮಾಡಿಕೊಂಡು ಹೋದೆ. ಡ್ರೈವರ್ ಬಾಗಿಲು ಕಂಡು, ಇದಕ್ಕೆ ಇಷ್ಟು ದೂರ ಬಂದ್ರಾ ಅಂತ ನನ್ನನ್ನೇ ನೋಡಿದ. ಮಾರಿದವರು ಆ ಮನೆಯ ಮಗ, ತಲೆ ನರೆತ ಸಭ್ಯ ಮನುಷ್ಯ. ಬಾಗಿಲನ್ನು ಒರೆಸಿ, ಎಣ್ಣೆ ಹಚ್ಚಿ, ಗೋಡೆಗೆ ಒರಗಿಸಿದ್ದರು. ನಾನು ಆತುರ ತೋರಿಸಲಿಲ್ಲ. ಮೊದಲು ಚಿಲಕ ನೋಡಿದೆ, ಆಮೇಲೆ ಕೆತ್ತನೆ, ಕೊನೆಗೆ ಹೊಸ್ತಿಲು. ಗುಳಿ ಇತ್ತು. ಖಾಲಿ.

ನನ್ನ ತಟ್ಟೆಯಲ್ಲೊಂದು ಖಾಲಿ ಗುಳಿ ಇತ್ತು, ಈಗ ದುಡ್ಡು ಕೊಟ್ಟು ಇನ್ನೊಂದನ್ನು ಕೊಂಡಂತಾಯಿತು.

ಅಷ್ಟರಲ್ಲಿ ಅವರ ತಾಯಿ, ಹಣ್ಣುಹಣ್ಣು ಅಜ್ಜಿ, ಹೊಸ ಮನೆಯೊಳಗಿನಿಂದ ಬಂದು ಕಾಫಿಗೆ ಕರೆದರು. ಬಾಗಿಲ ಹತ್ತಿರ ಹೋದವನು ಅಲ್ಲೇ ನಿಂತೆ. ಹೊಸ ತೇಗದ ಹೊಸ್ತಿಲಲ್ಲಿ ಹೊಸದಾಗಿ ಗುಳಿ ಕೊರೆದು ನನ್ನ ಆನೆಯನ್ನು ಕೂರಿಸಿದ್ದಾರೆ. ಹತ್ತಿರದಿಂದ ನೋಡದೆ ಇರಲಾಗಲಿಲ್ಲ. ಮಂಡಿಯೂರಿ, ಕೈ ಮುಗಿದ ಹಾಗೆ ಮಾಡಿ, ಮೂಗು ತಾಗುವಷ್ಟು ಬಗ್ಗಿದೆ. ಬಾಲದ ತುದಿಯ ಕೂದಲೂ ಕಾಣುತ್ತಿತ್ತು. ಅಜ್ಜಿಗೆ ಕಣ್ಣು ತುಂಬಿ ಬಂತು. ಈ ಕಾಲದಲ್ಲೂ ಹೊಸ್ತಿಲಿಗೆ ಇಷ್ಟು ಭಕ್ತಿ ಇರೋರು ಇದಾರೆ ನೋಡು ಅಂತ ಮಗನಿಗೆ ತೋರಿಸಿದರು.

ಕಾಫಿ ಕುಡಿಯುತ್ತಾ ವ್ಯಾಪಾರದ ಪಾಠವೆಲ್ಲ ಬದಿಗಿಟ್ಟು, ಆ ಕಾಸು ಕೊಡ್ತೀರಾ, ಎಷ್ಟಾದರೂ ಕೊಡ್ತೀನಿ ಅಂತ ನೇರವಾಗಿ ಕೇಳಿಬಿಟ್ಟೆ. ಅಜ್ಜಿಗೆ ನಗು ಬಂತು.

"ಅದ್ನ ಕೊಡಕ್ಕಾಯ್ತದೇನಪ್ಪ, ಮನೆ ಲಕ್ಷ್ಮಿ ಅದು. ಇವ್ನು ನನ್ನ ಕೇಳ್ದೆ ಬಾಗ್ಲ ಹರಾಜಿಗೆ ಹಾಕ್ಬುಟ್ಟ. ಬಾಗ್ಲ ಜೊತೆ ಲಕ್ಷ್ಮೀನೂ ಹೋಯ್ತಾಳಲ್ಲ ಅಂತ ನಂಗೆ ನಿದ್ದೆ ಇಲ್ಲ. ಮೊಮ್ಮಗಳ ಕೈಲಿ ಹೇಳಿ ನಾನೇ ಕೂಗುಸ್ತಾ ಇದ್ದೆ. ಯಾವನೋ ಪುಣ್ಯಾತ್ಮ ಬುಡ್ತಾನೇ ಇಲ್ವಲ್ಲ."

ಎರಡು ದಿನ ನನ್ನ ಊಟ ಕೆಡಿಸಿದ್ದು ಗುಬ್ಬಿಯವನಲ್ಲ.

"ಆಮೇಲೆ ಕೇಳ್ಸಿ ನೋಡೋಣ ಅಂತ ಇವ್ನ ಕೈಲಿ ಬರೆಸ್ದೆ," ಅಂದರು ಅಜ್ಜಿ. "ಕಾಸು ಏನೂ ಬ್ಯಾಡ, ಮರ ಸಾಕು ಅಂತ ನೀನೇ ಬರೆದ್ಯಂತಲ್ಲ. ಅವತ್ತೇ ಕೂಗೋದು ಬುಟ್ಬುಟ್ಟೆ. ಹುಳ ತಿಂದಿದ್ದು ಯಾರ್ಗಪ್ಪ ಬೇಕು."

ನಾನು ಹರಾಜು ಗೆದ್ದದ್ದೂ, ಆನೆ ಕಳೆದುಕೊಂಡದ್ದೂ ಒಂದೇ ಸಾಲಿನಿಂದ. ಬೆನ್ನು ತಟ್ಟಿಕೊಂಡಿದ್ದೂ ಅದಕ್ಕೇ.

ಹೊರಗೆ ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಎದ್ದು ನಿಂತೆ. ಬಾಗಿಲು ದಾಟುವಾಗ ಬೇಡವೆಂದರೂ ಕಣ್ಣು ಕೆಳಗೆ ಹೋಯಿತು. ಅದನ್ನು ಅಜ್ಜಿ ನೋಡಿದರು. ಒಳಗೆ ಹೋಗಿ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ತಂದರು. ಎಲೆಯ ಮೇಲೆ ಒಂದು ರೂಪಾಯಿಯ ನಾಣ್ಯ, ಬ್ಯಾಂಕಿನಿಂದ ಆಗತಾನೇ ಬಂದ ಹಾಗೆ ಮಿಂಚುತ್ತಿತ್ತು.

"ನಿಂಗೆ ಕಾಸು ಅಂದ್ರೆ ಬಲೇ ಆಸೆ ಅಂತ ಕಾಣ್ತದೆ," ಅಂದು ನನ್ನ ಅಂಗೈಗೆ ಅದನ್ನು ಒತ್ತಿದರು. "ಇಕಾ, ತಗಳಪ್ಪ. ಅದು ಹಳೇದು, ಇದು ಹೊಸಾದು."